ತಂತಿ ಹೋಯಿತು, ಹೊಣೆ ಯಾರ ಪಾಲಿಗೆ?

ಸಂಸ್ಥೆಯೊಂದಕ್ಕೆ ದೂರವಾಣಿ ವ್ಯವಸ್ಥೆ ಬೇಕೆಂಬ ವಿಷಯ ಯಾವ ಆಡಳಿತ ಮಂಡಳಿಯ ಸಭೆಯಲ್ಲೂ ಐದು ನಿಮಿಷ ಮೀರಿ ಚರ್ಚೆಯಾಗುತ್ತಿರಲಿಲ್ಲ. ಅರ್ಜಿ ಹಾಕಬೇಕು, ಠೇವಣಿ ಕಟ್ಟಬೇಕು, ಕಾಯಬೇಕು; ಒಂದು ದಿನ ಲೈನ್‌ಮನ್ ಬಂದು ತಾಮ್ರದ ತಂತಿಯೆಳೆದು ಗೋಡೆಯ ಮೇಲಿನ ಪೆಟ್ಟಿಗೆಗೆ ಜೋಡಿಸಿ ಹೋಗುತ್ತಿದ್ದ. ಪೆಟ್ಟಿಗೆಯಿಂದ ಆಚೆಗಿನದು ದೂರಸಂಪರ್ಕ ಇಲಾಖೆಯ ಹೊಣೆ, ಈಚೆಗಿನದು ಇಪಿಎಬಿಎಕ್ಸ್ ಮಾರಿದವರ ಹೊಣೆ. ಫೋನು ಸತ್ತರೆ ಯಾರನ್ನು ಬೈಯಬೇಕೆಂಬುದರಲ್ಲಿ ಗೊಂದಲವಿರಲಿಲ್ಲ. ಈಗ ಆ ಪೆಟ್ಟಿಗೆಯೇ ಮಾಯವಾಗುತ್ತಿದೆ. ಅದರ ಜಾಗಕ್ಕೆ ಬರುತ್ತಿರುವುದು ‘ಸಿಪ್ ಟ್ರಂಕ್’.

ಇದು ಮ್ಯೂಚುವಲ್ ಫಂಡಿನವರು ಹೇಳುವ ಸಿಪ್ ಅಲ್ಲ. ಸೆಷನ್ ಇನಿಷಿಯೇಷನ್ ಪ್ರೋಟೊಕಾಲ್ ಎಂಬುದರ ಹ್ರಸ್ವರೂಪ. ಇಂಟರ್‌ನೆಟ್ ಮಾದರಿಯ ಜಾಲದ ಮೇಲೆ ಒಂದು ಕರೆಯನ್ನು ಆರಂಭಿಸುವುದು ಹೇಗೆ, ಮುಗಿಸುವುದು ಹೇಗೆ ಎಂದು ಎರಡು ಯಂತ್ರಗಳು ಪರಸ್ಪರ ಒಪ್ಪಿಕೊಳ್ಳುವ ಭಾಷೆ. 1999ರಲ್ಲಿ ಮೊದಲ ಕರಡು ಮಾನಕವಾಗಿ ಪ್ರಕಟವಾಗಿ, 2002ರಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ರೂಪ ಪಡೆಯಿತು. ‘ಟ್ರಂಕ್’ ಎಂಬ ಪದ ಮಾತ್ರ ಹಳೆಯದು. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾದ ತಲೆಮಾರಿಗೆ ಅದನ್ನು ವಿವರಿಸಬೇಕಾಗಿಲ್ಲ. ಹೊರಜಗತ್ತಿಗೆ ಹೋಗುವ ಹೆದ್ದಾರಿ ಎಂದರ್ಥ.

ನಾನು ಸದಸ್ಯನಾಗಿರುವ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ಹಳೆಯ ಹೆದ್ದಾರಿಯಿಂದ ಹೊಸದಕ್ಕೆ ಬದಲಾಗುವ ಕೆಲಸದ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಕಂಡದ್ದನ್ನು ಬರೆಯಲು ಕಾರಣವಿದೆ. ದರಪಟ್ಟಿ ಕೊಟ್ಟ ಮೂರೂ ಸಂಸ್ಥೆಗಳ ಕಾಗದದಲ್ಲಿ ಚಾನೆಲ್ಲುಗಳ ಸಂಖ್ಯೆಯಿತ್ತು, ಮಾಸಿಕ ಬಾಡಿಗೆಯಿತ್ತು, ನಿಮಿಷದ ದರವಿತ್ತು. ಆಸ್ಪತ್ರೆಯೊಂದಕ್ಕೆ ನಿಜವಾಗಿ ಬೇಕಾದ ವಿಷಯಗಳು ಮಾತ್ರ ಯಾವುದರಲ್ಲೂ ಇರಲಿಲ್ಲ.

ಲಾಭವಿಲ್ಲವೆಂದಲ್ಲ. ಹಳೆಯ ಪಿಆರ್‌ಐ ಲೈನಿನಲ್ಲಿ 32 ಪಾಲುಗಳು. ಒಂದು ಕಾಲಹೊಂದಿಕೆಗೆ, ಒಂದು ಸಂಕೇತಗಳಿಗೆ, ಉಳಿದ 30 ಮಾತಿಗೆ. ಮೂವತ್ತೊಂದನೆಯ ಕರೆಗೆ ಜಾಗ ಬೇಕೆಂದರೆ ಮತ್ತೊಂದು ಇಡೀ ಲೈನನ್ನೇ ಕೊಳ್ಳಬೇಕು. ಸಿಪ್‌ನಲ್ಲಿ ಚಾನೆಲ್ ಎಂಬುದು ತಂತಿಯಲ್ಲ, ಬರಿಯ ಲೆಕ್ಕ. ನಮ್ಮಲ್ಲಿ ಅರವತ್ತು ಒಳಫೋನುಗಳಿದ್ದರೂ ಏಕಕಾಲಕ್ಕೆ ಹೊರಗಿನೊಡನೆ ಮಾತಾಡುತ್ತಿದ್ದವರು ಒಂಬತ್ತು ದಾಟಿದ್ದೇ ಇಲ್ಲವೆಂದು ಹಳೆಯ ದಾಖಲೆ ಹೇಳಿತು. ಹನ್ನೆರಡು ಚಾನೆಲ್ ಸಾಕಾಯಿತು. ದೂರವಾಣಿ ಗುಣಮಟ್ಟದ ಒಂದು ಕರೆ, ಜಿ.711 ಎಂಬ ಸಾಮಾನ್ಯ ಕೋಡೆಕ್‌ನಲ್ಲಿ, ಹೊದಿಕೆಯೂ ಸೇರಿ ಒಂದೊಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 87 ಕಿಲೊಬಿಟ್ ತಿನ್ನುತ್ತದೆ. ಹನ್ನೆರಡು ಕರೆಗೆ ಒಂದು ಮೆಗಾಬಿಟ್ ಆಸುಪಾಸು. ಮನೆಯಲ್ಲಿ ಸಿನಿಮಾ ನೋಡುವ ಹುಡುಗರು ಬಳಸುವುದರ ಮುಂದೆ ಇದು ಏನೇನೂ ಅಲ್ಲ. ಆದರೆ ಸಿನಿಮಾ ಕ್ಷಣಕಾಲ ತಡೆದು ನಿಂತರೆ ಸಹಿಸಬಹುದು, ಮಾತು ನಿಂತರೆ ಸಹಿಸಲಾಗದು. ಆದ್ದರಿಂದ ಧ್ವನಿಗೆ ಪ್ರತ್ಯೇಕ ದಾರಿ, ಇಲ್ಲವೇ ಇರುವ ದಾರಿಯಲ್ಲೇ ಮೊದಲ ಆದ್ಯತೆ ಕೊಡಿಸಬೇಕು.

ಯಂತ್ರವೂ ಅಗ್ಗವಾಗಿದೆ. 1999ರಲ್ಲಿ ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ವಿದ್ಯಾರ್ಥಿ ತನ್ನ ಪುಟ್ಟ ಕಂಪನಿಗೆ ಪಿಬಿಎಕ್ಸ್ ಕೊಳ್ಳಲು ಹಣವಿಲ್ಲದೆ, ಸಾಮಾನ್ಯ ಕಂಪ್ಯೂಟರನ್ನೇ ದೂರವಾಣಿ ವಿನಿಮಯ ಕೇಂದ್ರವನ್ನಾಗಿಸುವ ತಂತ್ರಾಂಶ ಬರೆದ. ಆಸ್ಟೆರಿಸ್ಕ್ ಎಂಬ ಆ ಮುಕ್ತ ತಂತ್ರಾಂಶದ ಯಾವುದಾದರೊಂದು ರೂಪ ಇಂದು ಲೆಕ್ಕವಿಲ್ಲದಷ್ಟು ಕಚೇರಿಗಳ ಮೂಲೆಯಲ್ಲಿ ಸದ್ದಿಲ್ಲದೆ ಓಡುತ್ತಿದೆ. ನಮ್ಮದೂ ಅದೇ.

ಜೋಡಣೆಯ ಮೊದಲ ದಿನವೇ ಈ ವಿದ್ಯೆಯ ಪ್ರಸಿದ್ಧ ಕಾಯಿಲೆ ಕಾಣಿಸಿತು. ನಾವು ಆಡಿದ್ದು ಅವರಿಗೆ ಕೇಳುತ್ತದೆ, ಅವರು ಆಡಿದ್ದು ನಮಗೆ ಕೇಳುವುದಿಲ್ಲ. ಕಾರಣ ಸ್ವಾರಸ್ಯಕರ. ಸಿಪ್ ಸಂದೇಶವೆಂಬುದು ಕಾಗದವಿದ್ದಂತೆ. ಲಕೋಟೆಯ ಮೇಲೊಂದು ವಿಳಾಸ, ಒಳಗಿನ ಕಾಗದದಲ್ಲಿ ‘ಧ್ವನಿಯನ್ನು ಇಲ್ಲಿಗೆ ಕಳಿಸಿ’ ಎಂಬ ಇನ್ನೊಂದು ವಿಳಾಸ. ಕಚೇರಿಯ ರೂಟರ್ ಲಕೋಟೆಯ ವಿಳಾಸವನ್ನು ಸರಿಪಡಿಸಿ ಕಳಿಸುತ್ತದೆ. ಒಳಗಿನ ಕಾಗದದಲ್ಲಿ ಕಟ್ಟಡದೊಳಗಿನ ಖಾಸಗಿ ವಿಳಾಸವೇ ಉಳಿದಿರುತ್ತದೆ. ‘ಅಡುಗೆಮನೆ ಪಕ್ಕದ ಕೋಣೆಗೆ ಕಳಿಸಿ’ ಎಂದು ಬರೆದರೆ ಅಂಚೆಯಣ್ಣ ಏನು ಮಾಡಿಯಾನು? ಇದಕ್ಕೆ ಮದ್ದೆಂದು ಹಲವು ರೂಟರುಗಳಲ್ಲಿ ‘ಸಿಪ್ ಎಎಲ್‌ಜಿ’ ಎಂಬ ಸೌಲಭ್ಯವಿರುತ್ತದೆ. ಮದ್ದೇ ಅನೇಕ ಸಲ ರೋಗವಾಗುವುದರಿಂದ ಬಲ್ಲವರು ಮೊದಲು ಅದನ್ನು ಆರಿಸುತ್ತಾರೆ. ತಮ್ಮ ಹೊರವಿಳಾಸ ಯಾವುದೆಂಬುದನ್ನು ಪಿಬಿಎಕ್ಸ್‌ಗೇ ತಿಳಿಸಿಕೊಡುತ್ತಾರೆ. ಒಂದು ಮಧ್ಯಾಹ್ನದಲ್ಲಿ ಅದು ಸರಿಹೋಯಿತು. ಕಣ್ಣಿಗೆ ಕಾಣುವ ತೊಂದರೆಗಳು ಹೀಗೆಯೇ, ಯಾರಾದರೂ ಸರಿಪಡಿಸುತ್ತಾರೆ.

ಕಾಣದಿರುವುವು ಬೇರೆ. ಮೊದಲನೆಯದು ಸೊನ್ನೆ. ಹೊರಗಿನ ಲೈನ್ ಬೇಕಾದರೆ ‘0’ ಒತ್ತುವುದು ನಮ್ಮ ಕಚೇರಿಗಳ ಹಳೆಯ ಪದ್ಧತಿ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗಲೂ ಸಂಖ್ಯೆಯ ಹಿಂದೆ ಸೊನ್ನೆ ಕಡ್ಡಾಯ. ಹಾಗಾಗಿ ನಮ್ಮ ದಾದಿಯರು ವೈದ್ಯರ ಮೊಬೈಲಿಗೆ ಕರೆ ಮಾಡಬೇಕಾದರೆ ಸೊನ್ನೆಯ ಮೇಲೆ ಸೊನ್ನೆ. ಆದರೆ ಎರಡು ಸೊನ್ನೆ ಎಂದರೆ ವಿದೇಶದ ಕರೆಯೆಂದಲ್ಲವೆ? ಮೊದಲ ಸೊನ್ನೆಯನ್ನು ಯಂತ್ರ ನುಂಗಬೇಕು, ಎರಡನೆಯದನ್ನು ನುಂಗಬಾರದು, ಮೂರನೆಯದು ಬಂದರೆ ತಡೆಯಬೇಕು. ಇಂಥ ಸೂತ್ರಗಳ ಪಟ್ಟಿಗೆ ‘ಡಯಲ್ ಪ್ಲಾನ್’ ಎನ್ನುತ್ತಾರೆ. ಅದನ್ನು ಬರೆಯುವವನು ಇಪ್ಪತ್ತೈದರ ತರುಣ, ಒಂದೇ ವಾರದಲ್ಲಿ ನಾಲ್ಕು ಕಡೆ ಅದೇ ಕೆಲಸ ಮಾಡುವವನು. ಅವನು ಬರೆದ ಪಟ್ಟಿಯಲ್ಲಿ 112 ಇರಲಿಲ್ಲ. ಸೊನ್ನೆ ಒತ್ತದೆ 112 ಒತ್ತಿದರೆ ಯಂತ್ರ ಅದನ್ನು ಒಳಫೋನಿನ ಸಂಖ್ಯೆಯೆಂದು ತಿಳಿದು, ಅಂಥ ಫೋನಿಲ್ಲವೆಂದು ಕರೆಯನ್ನು ಕೈಬಿಡುತ್ತಿತ್ತು. 108ರ ಗತಿಯೂ ಅದೇ.

ಇದು ಕೂದಲು ಸೀಳುವ ಮಾತೆನ್ನುವವರು ಅಮೆರಿಕದ ಟೆಕ್ಸಾಸ್ ರಾಜ್ಯದ ಮಾರ್ಷಲ್ ಎಂಬ ಊರಿನ ಪ್ರಕರಣವನ್ನು ನೆನೆಯಬೇಕು. 2013ರ ಡಿಸೆಂಬರ್ 1ರಂದು ಅಲ್ಲಿನ ಮೋಟೆಲ್ ಒಂದರ ಕೋಣೆಯಲ್ಲಿ, ಬೇರೆಯಾಗಿ ಬದುಕುತ್ತಿದ್ದ ಪತಿಯಿಂದ ಮಹಿಳೆಯೊಬ್ಬಳ ಕೊಲೆಯಾಯಿತು. ಅವಳ ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ ನಾಲ್ಕು ಸಲ 911ಕ್ಕೆ ಕರೆ ಮಾಡಿದಳು, ಶಾಲೆಯಲ್ಲೂ ಮನೆಯಲ್ಲೂ ಕಲಿಸಿದ್ದ ಹಾಗೆ. ಕರೆ ಹೊರಗೆ ಹೋಗಲೇ ಇಲ್ಲ. ಮೊದಲು 9 ಒತ್ತಬೇಕೆಂಬುದು ಆ ಮಗುವಿಗೆ ಹೇಗೆ ತಿಳಿಯಬೇಕು? ಸತ್ತವಳ ತಂದೆ ಹೋರಾಟಕ್ಕೆ ನಿಂತರು. ಮಗಳ ಹೆಸರಿನಲ್ಲೇ ‘ಕ್ಯಾರಿ ಕಾನೂನು’ 2018ರಲ್ಲಿ ಅಂಗೀಕಾರವಾಗಿ 2020ರ ಫೆಬ್ರುವರಿ 16ರಿಂದ ಜಾರಿಗೆ ಬಂತು. ಅಲ್ಲಿಂದಾಚೆಗೆ ಕೂರಿಸುವ ಬಹುಲೈನ್ ವ್ಯವಸ್ಥೆಗಳಲ್ಲಿ ತುರ್ತು ಸಂಖ್ಯೆಗೆ ಯಾವ ಪೂರ್ವಾಂಕವೂ ಬೇಕಾಗಬಾರದು ಎಂಬುದು ಅದರ ಸಾರ. ತಾಂತ್ರಿಕವಾಗಿ ನೋಡಿದರೆ ಅದು ಡಯಲ್ ಪ್ಲಾನಿನ ಒಂದು ಸಾಲು. ಆ ಒಂದು ಸಾಲು ಬರೆಸಲು ಒಂದು ಜೀವ, ಒಬ್ಬ ತಂದೆಯ ನಾಲ್ಕು ವರ್ಷಗಳ ಅಲೆದಾಟ ಬೇಕಾಯಿತು.

ಇನ್ನೊಂದು ಮಗ್ಗುಲೂ ಇದೆ. ಶಾಖೆಗಳಿರುವ ಸಂಸ್ಥೆಗಳು ಒಂದೇ ಕಡೆ ಟ್ರಂಕ್ ಪಡೆದು, ಉಳಿದೆಡೆಗಳ ಫೋನುಗಳನ್ನು ಜಾಲದ ಮೂಲಕ ಅದಕ್ಕೆ ತಳಕು ಹಾಕುವುದುಂಟು. ಎಲ್ಲೋ ದೂರದ ಶಾಖೆಯಲ್ಲಿ ಬೆಂಕಿ ಬಿದ್ದು ಅಲ್ಲಿಂದ ಕರೆ ಹೋದರೆ, ಎತ್ತಿಕೊಂಡವರಿಗೆ ಕಾಣುವುದು 080ರಿಂದ ಆರಂಭವಾಗುವ ಸಂಖ್ಯೆ. ಆ ಸಂಖ್ಯೆಗೆ ದಾಖಲೆಯಲ್ಲಿರುವ ವಿಳಾಸ ಬೆಂಗಳೂರಿನ ಮುಖ್ಯ ಕಚೇರಿಯದು. ಕರೆ ಮಾಡಿದವರು ಊರಿನ ಹೆಸರು ಹೇಳುವಷ್ಟು ಸ್ವಸ್ಥರಾಗಿದ್ದರೆ ಸರಿ. ತಾಮ್ರದ ತಂತಿ ಒಂದು ಗೋಡೆಗೆ ಅಂಟಿಕೊಂಡಿತ್ತು, ಆ ಗೋಡೆಗೊಂದು ವಿಳಾಸವಿತ್ತು.

ಆ ತಂತಿಗೆ ಇನ್ನೂ ಒಂದು ಗುಣವಿತ್ತು. ಅದು ತನ್ನ ಅನ್ನವನ್ನು ತಾನೇ ತರುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ 48 ವೋಲ್ಟ್ ವಿದ್ಯುತ್ ಅದೇ ತಂತಿಯಲ್ಲಿ ಹರಿದು ಬರುತ್ತಿದ್ದುದರಿಂದ ಊರಿಡೀ ಕತ್ತಲಾದರೂ ಫೋನು ಜೀವಂತವಾಗಿರುತ್ತಿತ್ತು. 1986ರಲ್ಲಿ ನಮ್ಮದೇ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆ ತಾನು ರೂಪಿಸಿದ ಗ್ರಾಮೀಣ ವಿನಿಮಯ ಕೇಂದ್ರವನ್ನು ಮೊದಲಿಗೆ ಕೂರಿಸಿದಾಗ ಅದರ ಹೆಗ್ಗಳಿಕೆಗಳಲ್ಲೊಂದು ಹವಾನಿಯಂತ್ರಣವಿಲ್ಲದೆ ನಡೆಯುತ್ತದೆ ಎಂಬುದಾಗಿತ್ತು. ಹಳ್ಳಿಯ ಸೆಕೆ, ಧೂಳು, ಕೈಕೊಡುವ ವಿದ್ಯುತ್ತು ಇವನ್ನೆಲ್ಲ ಬಳಕೆದಾರನ ಪರವಾಗಿ ಯಾರೋ ಎಂಜಿನಿಯರುಗಳು ಮೊದಲೇ ಕುಳಿತು ಯೋಚಿಸಿದ್ದರು. ಹೊಸ ವ್ಯವಸ್ಥೆಯಲ್ಲಿ ಮೇಜಿನ ಫೋನು, ಅದಕ್ಕೆ ವಿದ್ಯುತ್ ಉಣಿಸುವ ಸ್ವಿಚ್ಚು, ಪಿಬಿಎಕ್ಸ್ ಕಂಪ್ಯೂಟರ್, ರೂಟರ್, ಫೈಬರಿನ ತುದಿಯ ಪೆಟ್ಟಿಗೆ ಇಷ್ಟಕ್ಕೂ ಏಕಕಾಲದಲ್ಲಿ ವಿದ್ಯುತ್ ಬೇಕು. ಅದನ್ನು ಯೋಚಿಸಬೇಕಾದವರು ನಾವೇ.

ನಮ್ಮ ಆಸ್ಪತ್ರೆಗೆ ಜನರೇಟರ್ ಇದೆ, ಹತ್ತು ಹನ್ನೆರಡು ಸೆಕೆಂಡಿನಲ್ಲಿ ಹಿಡಿಯುತ್ತದೆ. ಅಷ್ಟು ಸಾಲದೆ ಎಂದು ಗುತ್ತಿಗೆದಾರರು ಕೇಳಿದರು. ಸಾಲದು. ಆ ಹತ್ತು ಸೆಕೆಂಡಿನ ಕತ್ತಲಿಗೆ ಪಿಬಿಎಕ್ಸ್ ಮಲಗಿದರೆ ಮತ್ತೆ ಎದ್ದು, ಟ್ರಂಕ್ ಹಿಡಿದು, ಅರವತ್ತು ಫೋನುಗಳನ್ನೂ ಗುರುತಿಸಿಕೊಳ್ಳಲು ನಾಲ್ಕೈದು ನಿಮಿಷ ಬೇಕು. ಮಳೆಗಾಲದ ಸಂಜೆ ವಿದ್ಯುತ್ತು ಆರು ಸಲ ಹೋಗಿ ಬಂದರೆ ಲೆಕ್ಕ ಹಾಕಿಕೊಳ್ಳಿ. ಮೊದಲ ಮಹಡಿಯ ಕಾರಿಡಾರಿನಲ್ಲಿದ್ದ ಸ್ವಿಚ್ಚು ಯಾವ ಯುಪಿಎಸ್‌ಗೂ ಸೇರಿರಲಿಲ್ಲ. ಹೆರಿಗೆ ವಾರ್ಡಿನ ಫೋನುಗಳೆಲ್ಲ ಆ ಸ್ವಿಚ್ಚಿನ ಮೇಲೆಯೇ ಇದ್ದವು.

ಶ್ರೀಮಂತ ದೇಶಗಳೂ ಇಲ್ಲಿ ಎಡವಿವೆ. ಬ್ರಿಟನ್ನಿನಲ್ಲಿ ಹಳೆಯ ದೂರವಾಣಿ ಜಾಲವನ್ನು 2025ರ ಡಿಸೆಂಬರಿಗೆ ಮುಚ್ಚುವ ನಿಶ್ಚಯವಾಗಿತ್ತು. ಅಲ್ಲಿ ಸುಮಾರು 18 ಲಕ್ಷ ಮಂದಿ, ಹೆಚ್ಚಿನವರು ವೃದ್ಧರು, ಕುತ್ತಿಗೆಯಲ್ಲೋ ಮಣಿಕಟ್ಟಿನಲ್ಲೋ ತುರ್ತು ಗುಂಡಿ ಧರಿಸಿ ಬದುಕುತ್ತಾರೆ. ಒತ್ತಿದರೆ ಫೋನ್ ಲೈನಿನ ಮೂಲಕ ಸಹಾಯ ಕೇಂದ್ರಕ್ಕೆ ಸುದ್ದಿ ಹೋಗಬೇಕು. ಹೊಸ ಜಾಲಕ್ಕೆ ಬದಲಾದ ಕೆಲವು ಮನೆಗಳಲ್ಲಿ ಗುಂಡಿ ಕೆಲಸ ಮಾಡದೆ ಗಂಭೀರ ಘಟನೆಗಳಾದ ಮೇಲೆ, 2023ರ ಡಿಸೆಂಬರಿನಲ್ಲಿ ಒತ್ತಾಯದ ಬದಲಾವಣೆಗೆ ತಡೆ ಬಿತ್ತು. 2024ರಲ್ಲಿ ಗಡುವನ್ನೇ 2027ರ ಜನವರಿಗೆ ಮುಂದೂಡಿದರು.

ಕಳ್ಳರ ವಿಷಯ ಹೇಳದಿದ್ದರೆ ಚಿತ್ರ ಪೂರ್ಣವಾಗದು. ಪಿಬಿಎಕ್ಸ್ ಅನ್ನು ಇಂಟರ್‌ನೆಟ್ಟಿಗೆ ತೆರೆದಿಟ್ಟ ಕೆಲವೇ ಗಂಟೆಗಳಲ್ಲಿ 5060 ಎಂಬ ಅದರ ಬಾಗಿಲನ್ನು ಅಪರಿಚಿತ ಯಂತ್ರಗಳು ತಟ್ಟತೊಡಗುತ್ತವೆ. ದಾಖಲೆಯಲ್ಲಿ ನೋಡಿದರೆ ಅವುಗಳಲ್ಲಿ ಕೆಲವು ತಮ್ಮನ್ನು ‘ಫ್ರೆಂಡ್ಲಿ ಸ್ಕ್ಯಾನರ್’ ಎಂದು ಪರಿಚಯಿಸಿಕೊಳ್ಳುತ್ತವೆ. ಸ್ನೇಹದ ವ್ಯಾಖ್ಯಾನ ಬದಲಾಗಿದೆ. 1001 ಎಂಬ ಒಳಫೋನಿಗೆ 1001 ಎಂದೇ ಪಾಸ್‌ವರ್ಡ್ ಇದೆಯೇ ಎಂದು ಅವು ಹುಡುಕುತ್ತವೆ. ಸಿಕ್ಕರೆ ಶನಿವಾರ ರಾತ್ರಿಯಿಂದ ಸೋಮವಾರ ಬೆಳಿಗ್ಗೆಯವರೆಗೆ ನಿಮ್ಮ ಟ್ರಂಕಿನಿಂದ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆಗಳ ಮಳೆ. ಆ ಸಂಖ್ಯೆಗಳ ಆದಾಯದಲ್ಲಿ ಕಳ್ಳನಿಗೆ ಪಾಲು, ಬಿಲ್ಲು ನಿಮಗೆ. ಕರೆ ನಿಮ್ಮ ಸಾಲಿನಿಂದಲೇ ಹೋಗಿದೆಯಲ್ಲ ಎಂದು ಸೇವಾದಾತರು ಕೇಳಿದರೆ ಉತ್ತರವಿಲ್ಲ. ವಿದೇಶದ ಕರೆ ಬೇಡವಾದವರು ಅದನ್ನು ತಮ್ಮ ಯಂತ್ರದಲ್ಲಿ ಮಾತ್ರವಲ್ಲ, ಸೇವಾದಾತರ ಕಡೆಯಲ್ಲೇ ಲಿಖಿತವಾಗಿ ಮುಚ್ಚಿಸಬೇಕು. ಸೇವಾದಾತರ ವಿಳಾಸದ ಹೊರತು ಬೇರಾರಿಗೂ ಆ ಬಾಗಿಲು ಕಾಣದಂತೆ ಫೈರ್‌ವಾಲ್ ಕಟ್ಟಿಸಬೇಕು. ಎರಡೂ ಖರ್ಚಿನ ಕೆಲಸಗಳಲ್ಲ.

ಟ್ರಂಕ್ ಕಡಿದುಹೋದಾಗ ಹೊರಗಿನಿಂದ ಬರುವ ಕರೆಗಳನ್ನು ಸೇವಾದಾತರು ಬೇರೊಂದು ಸಂಖ್ಯೆಗೆ ತಿರುಗಿಸಿ ಕೊಡುವುದುಂಟು. ಈ ಹೊಸ ವ್ಯವಸ್ಥೆಯ ನಿಜವಾದ ಉಪಕಾರವಿದು. ಹಳೆಯ ತಂತಿಯನ್ನು ರಸ್ತೆ ಅಗೆಯುವವರು ಕತ್ತರಿಸಿದರೆ ವಾರಗಟ್ಟಲೆ ಮೌನವೇ ಗತಿಯಾಗಿತ್ತು. ನಮ್ಮ ಅರ್ಜಿಯಲ್ಲೂ ಆ ಕಲಮು ಇತ್ತು. ಯಾವ ಸಂಖ್ಯೆಗೆ ತಿರುಗುತ್ತದೆಂದು ವಿಚಾರಿಸಿದಾಗ, ಸೇವಾದಾತರ ಕಡೆಯವರು ಬಿಲ್ ಕಳಿಸಲೆಂದು ಪಡೆದಿದ್ದ ಮೊಬೈಲನ್ನೇ ಅಲ್ಲಿಯೂ ತುಂಬಿಕೊಂಡಿದ್ದುದು ತಿಳಿಯಿತು. ಅದು ನಮ್ಮ ಲೆಕ್ಕಪತ್ರ ವಿಭಾಗದ ಗುಮಾಸ್ತರದು. ಸಂಜೆ ಆರಕ್ಕೆ ಮನೆಗೆ ಹೋಗಿ ಫೋನು ಆರಿಸಿ ಮಲಗುವ ಸಾಧು ಮನುಷ್ಯ. ಅದನ್ನು ಬದಲಿಸಿ ರಾತ್ರಿಪಾಳಿಯ ಮೇಜಿನ ಮೇಲಿರುವ ಮೊಬೈಲಿಗೆ ಹೊಂದಿಸಲು ಎರಡು ಪತ್ರ, ಒಂಬತ್ತು ದಿನ ಹಿಡಿಯಿತು. ಬಳಿಕ ಒಂದು ರಾತ್ರಿ ಹನ್ನೊಂದಕ್ಕೆ ಫೈಬರಿನ ಕೊಂಡಿಯನ್ನು ಕೈಯಾರೆ ಕಿತ್ತು, ಹೊರಗಿನಿಂದ ಆಸ್ಪತ್ರೆಯ ಸಂಖ್ಯೆಗೆ ಕರೆ ಮಾಡಿಸಿದೆವು. ನಾಲ್ಕನೆಯ ರಿಂಗಿಗೆ ರಾತ್ರಿಪಾಳಿಯ ದಾದಿ ಎತ್ತಿಕೊಂಡರು.