ಮಾಲಿಬ್ಡಿನಂನ ನೀಲಿ ನೀರು ಮತ್ತು ಆಖಿಮ್ ಮ್ಯುಲ್ಲರ್

ಮಾಲಿಬ್ಡಿನಂ ಎಂಬ ಲೋಹ ಹೊಲದ ಮಣ್ಣಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದರೂ, ತೊಗರಿ ಮತ್ತು ಶೇಂಗಾ ಗಿಡಗಳ ಬೇರಿನ ಗಂಟುಗಳಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಅಮೋನಿಯಾ ಆಗಿ ಮಾರ್ಪಡಿಸುವ ಕೆಲಸ ಅದಿಲ್ಲದೆ ನಡೆಯುವುದಿಲ್ಲ. ಇದೇ ಲೋಹದ ಲವಣವನ್ನು ಆಮ್ಲ ಬೆರೆಸಿದ ನೀರಿನಲ್ಲಿ ಕರಗಿಸಿ, ಎಲೆಕ್ಟ್ರಾನುಗಳನ್ನು ಕೊಡುವ ಮತ್ತೊಂದು ವಸ್ತುವಿನಿಂದ ತುಸುವೇ ಅಪಕರ್ಷಿಸಿದರೆ ನೀರು ಗಾಢ ನೀಲಿಗೆ ತಿರುಗುತ್ತದೆ. ಮೊದಲನೆಯದು ಜೀವಿಗಳೊಳಗಿನ ಲೋಹಗಳ ಕೆಲಸವನ್ನು ಅಭ್ಯಸಿಸುವ ಜೈವಿಕ ನಿರವಯವ ರಸಾಯನಶಾಸ್ತ್ರಕ್ಕೆ ಸೇರಿದ ವಿಷಯ. ಎರಡನೆಯದು ಲೋಹ ಮತ್ತು ಆಮ್ಲಜನಕದ ಪರಮಾಣುಗಳು ನಿಶ್ಚಿತ ಆಕಾರದಲ್ಲಿ ಕೂಡಿ ಉಂಟಾಗುವ ಆಕ್ಸೈಡ್ ಗೊಂಚಲುಗಳ, ಅಂದರೆ ಪಾಲಿಆಕ್ಸೊಮೆಟಲೇಟುಗಳ, ಅಧ್ಯಯನಕ್ಕೆ ಸೇರಿದ್ದು. ಸಾಮಾನ್ಯವಾಗಿ ಬೇರೆ ಬೇರೆ ವಿದ್ವಾಂಸರ ಪಾಲಿಗೆ ಬರುವ ಈ ಎರಡು ಕ್ಷೇತ್ರಗಳನ್ನೂ ಜರ್ಮನಿಯ ಆಖಿಮ್ ಮ್ಯುಲ್ಲರ್ ತಮ್ಮ ವೃತ್ತಿಜೀವನದ ಉದ್ದಕ್ಕೂ ಒಟ್ಟಿಗೆ ನಡೆಸಿಕೊಂಡು ಬಂದರು.

1938ರಲ್ಲಿ ಡೆಟ್ಮೋಲ್ಡ್ ಪಟ್ಟಣದಲ್ಲಿ ಜನಿಸಿದ ಮ್ಯುಲ್ಲರ್, ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರಗಳನ್ನು ಓದಿ, 1965ರಲ್ಲಿ ಡಾಕ್ಟರೇಟ್ ಪಡೆದು, ಡಾರ್ಟ್ಮುಂಡ್‌ನಲ್ಲಿ ಕೆಲವು ವರ್ಷ ಪ್ರಾಧ್ಯಾಪಕರಾಗಿದ್ದು, 1977ರಲ್ಲಿ ಬೀಲೆಫೆಲ್ಡ್ ವಿಶ್ವವಿದ್ಯಾಲಯಕ್ಕೆ ಬಂದರು, 2024ರಲ್ಲಿ ತೀರಿಕೊಂಡರು. ಆರಂಭದ ವರ್ಷಗಳಲ್ಲಿ ಅವರ ಗಮನವಿದ್ದುದು ಲೋಹದ ಸುತ್ತ ಆಮ್ಲಜನಕದ ಬದಲು ಗಂಧಕ ಕೂಡಿಕೊಂಡಿರುವ ಥಯೊಮಾಲಿಬ್ಡೇಟುಗಳ ಮೇಲೆ. ಇವು ಬರಿಯ ಪ್ರಯೋಗಶಾಲೆಯ ವಸ್ತುಗಳಲ್ಲ. ಮಾಲಿಬ್ಡಿನಂ ಹೆಚ್ಚಾಗಿರುವ ಹುಲ್ಲುಗಾವಲಿನಲ್ಲಿ ಮೇಯ್ದ ದನಗಳ ಹೊಟ್ಟೆಯಲ್ಲಿ ಇವೇ ರೂಪುಗೊಂಡು, ಮೇವಿನಲ್ಲಿರುವ ತಾಮ್ರವನ್ನು ಹಿಡಿದಿಟ್ಟು, ದನಗಳಿಗೆ ತಾಮ್ರದ ಕೊರತೆಯನ್ನು ಉಂಟುಮಾಡುತ್ತವೆ. ಸಾರಜನಕವನ್ನು ಒಡೆಯುವ ನೈಟ್ರೊಜಿನೇಸ್ ಎಂಬ ಕಿಣ್ವದ ಎದೆಯಲ್ಲಿಯೂ ಏಳು ಕಬ್ಬಿಣ, ಒಂಬತ್ತು ಗಂಧಕ ಮತ್ತು ಒಂದು ಮಾಲಿಬ್ಡಿನಂ ಪರಮಾಣು ಸೇರಿದ ಗೊಂಚಲೊಂದಿದೆ. ಬೀಲೆಫೆಲ್ಡ್‌ನಲ್ಲಿ ಮ್ಯುಲ್ಲರ್ ಮತ್ತು ಅವರ ಸಹೋದ್ಯೋಗಿ ಕ್ಲಾಸ್ ಶ್ನೈಡರ್, ಮಾಲಿಬ್ಡಿನಂ ಸಿಗದಿದ್ದಾಗ ಬೇರೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಬರೀ ಕಬ್ಬಿಣದಿಂದಲೇ ಈ ಕೆಲಸ ಸಾಗಿಸುವ ಬದಲಿ ನೈಟ್ರೊಜಿನೇಸನ್ನೂ ಅಭ್ಯಸಿಸಿದರು.

ಆದರೆ ಅವರ ಹೆಸರು ಶಾಶ್ವತವಾಗಿ ಅಂಟಿಕೊಂಡಿರುವುದು ಆ ನೀಲಿ ನೀರಿಗೆ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ 18ನೆಯ ಶತಮಾನದ ಕೊನೆಯಲ್ಲಿಯೇ ಮಾಲಿಬ್ಡಿನಂ ನೀಲಿಯನ್ನು ವಿವರಿಸಿದ್ದ, ಅದೇ ದೇಶದ ಬರ್ಸೀಲಿಯಸ್ 1826ರಲ್ಲಿ ಅದರ ಸಂಯೋಜನೆಯನ್ನು ಹುಡುಕಿದ್ದ. ಆಮೇಲೂ ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಆ ನೀಲಿಯೊಳಗೆ ಯಾವ ಅಣು ಇದೆಯೆಂಬುದು ಯಾರಿಗೂ ತಿಳಿದಿರಲಿಲ್ಲ. ಅಣುವಿನ ಆಕಾರವನ್ನು ಕಾಣಬೇಕಾದರೆ ಅದರ ಹರಳು ಬೇಕು, ಆ ಹರಳಿನ ಮೂಲಕ ಕ್ಷ-ಕಿರಣವನ್ನು ಹಾಯಿಸಿ, ಅದು ಚದುರುವ ರೀತಿಯಿಂದ ಪರಮಾಣುಗಳ ಸ್ಥಾನವನ್ನು ಲೆಕ್ಕಹಾಕಬೇಕು. ಮಾಲಿಬ್ಡಿನಂ ನೀಲಿಯಾದರೋ ಮೈತುಂಬ ನೀರನ್ನು ಹೊದ್ದುಕೊಂಡು ನೀರಿನಲ್ಲಿ ಕರಗುತ್ತಲೇ ಹೋಗುವುದರಿಂದ ಒಳ್ಳೆಯ ಹರಳಾಗಿ ಕೂರಲು ಸುಲಭವಾಗಿ ಒಪ್ಪುತ್ತಿರಲಿಲ್ಲ. ಮ್ಯುಲ್ಲರ್ ಅವರ ತಂಡ 1995ರಲ್ಲಿ ಅಂಥ ಹರಳನ್ನು ಪಡೆದು ನೋಡಿದಾಗ ಕಂಡದ್ದು 154 ಮಾಲಿಬ್ಡಿನಂ ಪರಮಾಣುಗಳಿಂದಾದ ಒಂದು ಚಕ್ರ. ಒಟ್ಟು 700ಕ್ಕೂ ಹೆಚ್ಚು ಪರಮಾಣುಗಳಿದ್ದ, ಸುಮಾರು 24,000 ಅಣುತೂಕದ ಈ ಗೊಂಚಲು ಗಾತ್ರದಲ್ಲಿ ಚಿಕ್ಕದೊಂದು ಪ್ರೋಟೀನಿಗೆ ಸಮನಾಗಿತ್ತು. ನೀಲಿ ಬಣ್ಣಕ್ಕೆ ಕಾರಣ, ಈ ಚಕ್ರದ ಕೆಲವು ಮಾಲಿಬ್ಡಿನಂ ಪರಮಾಣುಗಳು ಒಂದೊಂದು ಎಲೆಕ್ಟ್ರಾನನ್ನು ಹೆಚ್ಚಾಗಿ ಪಡೆದಿರುವುದು ಮತ್ತು ಬೆಳಕು ಬಿದ್ದಾಗ ಆ ಎಲೆಕ್ಟ್ರಾನುಗಳು ಪಕ್ಕದ ಪರಮಾಣುವಿಗೆ ದಾಟುವುದು.

ಚಕ್ರದ ಗಾತ್ರವೇ ಆಗ ಎಲ್ಲರನ್ನೂ ಬೆರಗುಗೊಳಿಸಿತಾದರೂ, ಅದಕ್ಕಿಂತ ಮಹತ್ವದ್ದು ಅದರೊಳಗಿನ ಒಂದು ತುಣುಕು. ನಡುವಿನ ಒಂದು ಮಾಲಿಬ್ಡಿನಂ ಪರಮಾಣುವಿನ ಸುತ್ತ ಐದು ಮಾಲಿಬ್ಡಿನಂ ಪರಮಾಣುಗಳು ಆಮ್ಲಜನಕದ ಸೇತುವೆಗಳಿಂದ ಬಿಗಿದುಕೊಂಡಿರುವ ಪಂಚಭುಜಾಕೃತಿಯ ಈ ಘಟಕವು ಮನೆ ಕಟ್ಟುವವನ ಕೈಯ ಇಟ್ಟಿಗೆಯಂತೆ, ಜೋಡಿಸುವ ರೀತಿಯನ್ನು ಬದಲಿಸಿದರೆ ಬೇರೆ ಬೇರೆ ಕಟ್ಟಡಗಳನ್ನು ಕೊಡುತ್ತದೆ. ಚೆಂಡಿನ ಮೈಯಂತೆ ಎಲ್ಲ ಕಡೆ ಬಾಗಿ ಮುಚ್ಚಿಕೊಳ್ಳುವ ಆಕೃತಿಗೆ ಪಂಚಭುಜಗಳು ಬೇಕೆಂಬುದನ್ನು ಫುಟ್‌ಬಾಲಿನ ಹೊಲಿಗೆಯನ್ನು ಗಮನಿಸಿದವರೆಲ್ಲ ಬಲ್ಲರು; ಅದರಲ್ಲಿ ಇರುವುದು 12 ಪಂಚಭುಜಗಳು. 1998ರಲ್ಲಿ ಮ್ಯುಲ್ಲರ್ ಪ್ರಕಟಿಸಿದ ಗೋಳದಲ್ಲಿಯೂ ಅಷ್ಟೇ ಸಂಖ್ಯೆಯ ಘಟಕಗಳಿದ್ದು, ಅವುಗಳನ್ನು ಎರಡೆರಡು ಮಾಲಿಬ್ಡಿನಂ ಪರಮಾಣುಗಳ 30 ಕೊಂಡಿಗಳು ಬೆಸೆದಿವೆ: ಆರರಂತೆ ಹನ್ನೆರಡು ಘಟಕಗಳಿಂದ 72, ಕೊಂಡಿಗಳಿಂದ 60, ಒಟ್ಟು 132. ಗ್ರಹಗಳ ಕಕ್ಷೆಗಳನ್ನು ಒಂದರೊಳಗೊಂದು ಕೂತ ಸಮಘನಾಕೃತಿಗಳಿಂದ ವಿವರಿಸಲು 1596ರ ತನ್ನ ಗ್ರಂಥದಲ್ಲಿ ಯತ್ನಿಸಿದ್ದ ಕೆಪ್ಲರನ ನೆನಪಿಗಾಗಿ ಈ ಗೋಳಗಳಿಗೆ ಕೆಪ್ಲರೇಟ್ ಎಂದು ಹೆಸರಾಯಿತು.

ಇಷ್ಟು ಜಟಿಲವಾದ ಗೋಳವನ್ನು ತಯಾರಿಸುವ ವಿಧಾನ ಮಾತ್ರ ಅಚ್ಚರಿಯಾಗುವಷ್ಟು ಸರಳ. ಅಮೋನಿಯಂ ಮಾಲಿಬ್ಡೇಟ್ ಮತ್ತು ಅಮೋನಿಯಂ ಅಸಿಟೇಟನ್ನು ನೀರಿನಲ್ಲಿ ಕರಗಿಸಿ, ಎಲೆಕ್ಟ್ರಾನು ಕೊಡುವ ಹೈಡ್ರಜೀನ್ ಸಲ್ಫೇಟನ್ನು ಸೇರಿಸಿ ಹತ್ತು ನಿಮಿಷ ಕಲಕಿದರೆ ದ್ರಾವಣ ನೀಲಿಹಸಿರಾಗುತ್ತದೆ. ಅದಕ್ಕೆ ಅಸಿಟಿಕ್ ಆಮ್ಲವನ್ನು ಸುರಿದು, ಬಾಯಿ ತೆರೆದ ಬೀಕರಿನಲ್ಲಿ ಅಲುಗಾಡಿಸದೆ ಬಿಟ್ಟರೆ ಬಣ್ಣ ಮೆಲ್ಲಮೆಲ್ಲನೆ ಕಂದಿಗೆ ತಿರುಗಿ, ನಾಲ್ಕು ದಿನಗಳಲ್ಲಿ ತಳದಲ್ಲಿ ಕೆಂಗಂದು ಹರಳುಗಳು ಕಾಣಿಸಿಕೊಳ್ಳುತ್ತವೆ. ಅಷ್ಟು ಹೊತ್ತಿಗೆ ಕೋಟ್ಯಂತರ ಗೋಳಗಳು, ಪ್ರತಿಯೊಂದೂ ತಪ್ಪಿಲ್ಲದೆ 132ರ ಲೆಕ್ಕಕ್ಕೆ, ತಮ್ಮಷ್ಟಕ್ಕೆ ತಾವೇ ಜೋಡಿಕೊಂಡಿರುತ್ತವೆ. ಆಮ್ಲೀಯತೆ ಎಷ್ಟು, ಕೊಟ್ಟ ಎಲೆಕ್ಟ್ರಾನುಗಳೆಷ್ಟು, ಜೊತೆಗಿರುವ ಅಣುಗಳು ಯಾವುವು ಎಂಬುದರ ಮೇಲೆ ಚಕ್ರವೋ ಗೋಳವೋ ಎಂಬುದು ತೀರ್ಮಾನವಾಗುತ್ತದೆ. ಕೊಂಡಿಗಳ ಜಾಗದಲ್ಲಿ 30 ಕಬ್ಬಿಣದ ಪರಮಾಣುಗಳನ್ನಿಟ್ಟಾಗ ಕಾಂತೀಯ ಗುಣವುಳ್ಳ ಕಿರಿದಾದ ಗೋಳ ದೊರೆಯಿತು. 2002ರಲ್ಲಿ 368 ಮಾಲಿಬ್ಡಿನಂ ಪರಮಾಣುಗಳ, ರಕ್ತದ ಹಿಮೋಗ್ಲೋಬಿನ್ ಅಣುವಿನಷ್ಟು ದೊಡ್ಡದಾದ ಗೊಂಚಲು ಹೊರಬಂದಿತು.

132ರ ಗೋಳ ಟೊಳ್ಳು. ಅದರ ಮೈಮೇಲೆ 20 ರಂಧ್ರಗಳಿವೆ. ಧನಾವೇಶದ ಸಣ್ಣ ಅಯಾನುಗಳು ಈ ರಂಧ್ರಗಳ ಮೂಲಕ ಒಳಹೊರಗೆ ಓಡಾಡುತ್ತವೆ, ತಕ್ಕ ಗಾತ್ರದ ಗ್ವಾನಿಡಿನಿಯಂ ಅಯಾನುಗಳು ಬಿರಡೆಯಂತೆ ಅವುಗಳನ್ನು ಮುಚ್ಚುತ್ತವೆ. ಜೀವಕೋಶದ ಪೊರೆಯ ಬಾಗಿಲುಗಳನ್ನು ನೆನಪಿಸುವ ಈ ನಡೆಯಲ್ಲಿ ಮ್ಯುಲ್ಲರ್ ತಮ್ಮ ಎರಡು ಆಸಕ್ತಿಗಳ ನಡುವಿನ ದಾರಿಯನ್ನು ಕಂಡರು. 2003ರಲ್ಲಿ ಟಿಯಾನ್ಬೊ ಲಿಯು ಮತ್ತು ಮ್ಯುಲ್ಲರ್ ಮುಂತಾದವರು, 154ರ ಚಕ್ರಗಳು ನೀರಿನಲ್ಲಿ ನಿಧಾನವಾಗಿ ಸುಮಾರು 1,165ರಂತೆ ಒಟ್ಟುಗೂಡಿ 45 ನ್ಯಾನೊಮೀಟರ್ ತ್ರಿಜ್ಯದ ಟೊಳ್ಳು ಗೋಳವಾಗುವುದನ್ನು ತೋರಿಸಿದರು. ಎಣ್ಣೆಯಂಶವಿಲ್ಲದ ಅಣುಗಳೂ ಪೊರೆಯ ಹಾಗೆ ಸುತ್ತುಗಟ್ಟಬಲ್ಲವೆಂಬುದು ಆವರೆಗೆ ನಿರೀಕ್ಷಿತವಾಗಿರಲಿಲ್ಲ. ಕನ್ನಡ ಓದುಗರಿಗೆ ಮ್ಯುಲ್ಲರ್ ಅವರ ಹೆಸರು ಇನ್ನೊಂದು ಕಡೆಯಿಂದಲೂ ಸಮೀಪದ್ದು: ಬೆಂಗಳೂರಿನ ಸಿ.ಎನ್.ಆರ್. ರಾವ್, ಮ್ಯುಲ್ಲರ್ ಮತ್ತು ಆಂಟನಿ ಚೀತಮ್ ಕೂಡಿ ಸಂಪಾದಿಸಿದ ನ್ಯಾನೊವಸ್ತುಗಳ ರಸಾಯನಶಾಸ್ತ್ರದ ಗ್ರಂಥ 2004ರಲ್ಲಿ ಪ್ರಕಟವಾಯಿತು.

ಮ್ಯುಲ್ಲರ್ ಅವರ ಎರಡು ಆಸಕ್ತಿಗಳ ಹೊಳೆಗಳು ನಿಜವಾಗಿ ಕೂಡಿದ್ದು ಮಣ್ಣಿನಲ್ಲಿ ಬದುಕುವ ಅಜೊಟೊಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಯಲ್ಲಿ. ಸಾರಜನಕ ಹಿಡಿಯುವ ಈ ಬ್ಯಾಕ್ಟೀರಿಯಾ, ಮುಂದೆ ಕೊರತೆಯಾದೀತೆಂಬಂತೆ, ಮಾಲಿಬ್ಡಿನಂ ಅನ್ನು ಒಂದು ಪ್ರೋಟೀನಿನ ಹೊಟ್ಟೆಯಲ್ಲಿ ಕೂಡಿಡುತ್ತದೆ. ಶ್ನೈಡರ್, ಮ್ಯುಲ್ಲರ್ ಮತ್ತು ಫ್ರಾಂಕ್‌ಫರ್ಟಿನ ಉಲ್ರಿಕ್ ಎರ್ಮ್ಲರ್ ಮೊದಲಾದವರು 2007ರಲ್ಲಿ, ಮಾಲಿಬ್ಡಿನಂನ ಸೋದರ ಲೋಹವಾದ ಟಂಗ್‌ಸ್ಟನ್ ತುಂಬಿಸಿದ ಈ ಪ್ರೋಟೀನಿನ ಒಳಭಾಗವನ್ನು ಕ್ಷ-ಕಿರಣದಿಂದ ಕಂಡಾಗ, ಅಲ್ಲಿದ್ದುದು ಬಿಡಿ ಪರಮಾಣುಗಳ ರಾಶಿಯಲ್ಲ, ಪಾಲಿಆಕ್ಸೊಮೆಟಲೇಟುಗಳು. ಸುಮಾರು ನೂರು ಲೋಹದ ಪರಮಾಣುಗಳನ್ನು ಹಿಡಿಸಿಕೊಳ್ಳಬಲ್ಲ ಆ ಪ್ರೋಟೀನಿನ ಪ್ರತಿ ಸಂದಿಯೂ ಅಚ್ಚಿನಂತೆ ವರ್ತಿಸಿ, ತನ್ನ ಆಕಾರಕ್ಕೆ ತಕ್ಕ ಆಕ್ಸೈಡ್ ಗೊಂಚಲನ್ನು ಎರಕ ಹೊಯ್ದಿತ್ತು.