ಮೊದಲ ಆಟಕ್ಕೆ ಎಷ್ಟು ಒಗ್ಗರಣೆ?

ರಜೆ ಬಂತೆಂದರೆ ಹುಬ್ಬಳ್ಳಿ, ಗದಗ, ಧಾರವಾಡಗಳಲ್ಲಿ ಓದುವ ಮಕ್ಕಳು ಊರಿಗೆ ಬರುತ್ತಾರೆ. ಮೊದಲೆಲ್ಲ ಅವರ ಚೀಲದಲ್ಲಿ ಮಾಸಿದ ಅರಿವೆಗಳಷ್ಟೇ ಇರುತ್ತಿದ್ದವು. ಈಗ ಅರಿವೆಯ ಜೊತೆಗೆ ಲ್ಯಾಪ್‌ಟಾಪೂ ಬರುತ್ತದೆ. ಮೂರು ದಿನ ಕಳೆಯುವುದರೊಳಗೆ ತಾಯಂದಿರ ದೂರು ಶುರುವಾಗುತ್ತದೆ. "ನಮ್ಮ ಹುಡುಗ ಹಗಲು-ರಾತ್ರಿ ಅದರ ಮುಂದನ ಕೂತಾನ್ರಿ. ಆಟ ಆಡಾಕತ್ತೀಯೇನು ಅಂತ ಕೇಳಿದ್ರ, 'ಇಲ್ಲವ್ವ, ಆಟ ಇನ್ನೂ ಶುರು ಮಾಡಿಲ್ಲ, ಮಾಡ್ ಹಾಕಾಕತ್ತೀನಿ' ಅಂತಾನ. ಏನ್ರಿ ಅದು ಮಾಡ್ ಅಂದ್ರ?"

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿದಿರುತ್ತೇವೆ. ಹುಡುಗರ ರಜೆ ಇರುವುದೇ ಎಣಿಸಿದಷ್ಟು ದಿನ. ಆ ದಿನಗಳೆಲ್ಲ ಆಟವನ್ನು ಸಿಂಗರಿಸುವುದರಲ್ಲೇ ಕಳೆದರೆ ಆಟವೂ ಇಲ್ಲ, ಮನೆಮಂದಿಯ ಜೊತೆ ಮಾತೂ ಇಲ್ಲ. ಮಗನ ಪಕ್ಕ ಕೂತು, ನಾನೂ ಅಷ್ಟಿಷ್ಟು ಆಡಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಇದು ಎಂಥ ಆಟ?

ಇಂಥ ಆಟಕ್ಕೆ 'ಓಪನ್ ವರ್ಲ್ಡ್ ರೋಲ್ ಪ್ಲೇಯಿಂಗ್' ಎನ್ನುತ್ತಾರೆ. ದೊಡ್ಡಾಟದಲ್ಲಿ ಬಣ್ಣ ಹಚ್ಚಿ ವೇಷ ಕಟ್ಟಿದಂತೆ, ಆಡುವವರು ಒಂದು ಪಾತ್ರ ಧರಿಸಬೇಕು. ದೊಡ್ಡಾಟದ ಪಾತ್ರಧಾರಿಗೆ ಪದ, ಮಾತು ಎಲ್ಲ ಮೊದಲೇ ಗೊತ್ತಿರುತ್ತದೆ. ಇಲ್ಲಿ ಯಾವ ದಾರಿ ಹಿಡಿಯಬೇಕು, ಯಾರನ್ನು ನಂಬಬೇಕು, ಯಾರ ಕೆಲಸ ಒಪ್ಪಿಕೊಳ್ಳಬೇಕು ಎಂಬುದು ಆಡುವವರ ಇಷ್ಟ.

ಇವುಗಳಲ್ಲಿ ಬಹಳ ಹೆಸರಾದದ್ದು 'ಸ್ಕೈರಿಮ್'. ಅಮೆರಿಕದ ಬೆಥೆಸ್ಡಾ ಸಂಸ್ಥೆ ಇದನ್ನು 2011ರ ನವೆಂಬರ್ 11ರಂದು ಹೊರತಂದಿತು. 'ದಿ ಎಲ್ಡರ್ ಸ್ಕ್ರೋಲ್ಸ್' ಎಂಬ ಮಾಲೆಯಲ್ಲಿ ಇದು ಐದನೆಯದು. ಕೈಕಟ್ಟಿಸಿಕೊಂಡು ಬಂಡಿಯಲ್ಲಿ ಕೂತ ಕೈದಿಯಿಂದ ಕತೆ ಶುರು. ತಲೆ ಕಡಿಯುವ ಕಡೆಗೇ ಒಯ್ಯುತ್ತಾರೆ. ಅಷ್ಟರಲ್ಲಿ ಬೆಂಕಿಯುಗುಳುವ ಡ್ರ್ಯಾಗನ್ ಬಂದು ಊರನ್ನೇ ಸುಡುತ್ತದೆ, ಕೈದಿ ತಪ್ಪಿಸಿಕೊಳ್ಳುತ್ತಾನೆ. ಮುಂದೆ ಹಿಮದ ಬೆಟ್ಟ, ಕಾಡು, ಊರು, ಗವಿ ಎಲ್ಲ ತೆರೆದೇ ಇವೆ. ಕಾದಾಟವೊಂದೇ ಅಲ್ಲ, ಒಲೆಯ ಮುಂದೆ ನಿಂತು ಎಲೆಕೋಸು, ಸೇಬು, ಉಪ್ಪು ಹಾಕಿ ಬೇಯಿಸಬಹುದು. 2012ರಲ್ಲಿ ಬಂದ 'ಹಾರ್ತ್‌ಫೈರ್' ಎಂಬ ಸೇರ್ಪಡೆಯಲ್ಲಂತೂ ಜಾಗ ಕೊಂಡು ಮನೆ ಕಟ್ಟಬಹುದು, ತಬ್ಬಲಿ ಮಕ್ಕಳನ್ನು ದತ್ತು ತಂದು ಸಾಕಬಹುದು. ನನಗೆ ಹಿಡಿಸಿದ್ದು ಇದೇ!

ಮಾಡ್ ಎಂದರೇನು?

'ಮಾಡಿಫಿಕೇಶನ್' ಎಂಬ ಮಾತನ್ನು ಮೊಟಕು ಮಾಡಿ ಹುಡುಗರು 'ಮಾಡ್' ಎನ್ನುತ್ತಾರೆ. ಬೇರೆಯವರು ತಯಾರಿಸಿದ ಆಟಕ್ಕೆ ಆಡುವವರೇ ಮಾಡಿದ ತಿದ್ದುಪಡಿ ಅಥವಾ ಸೇರ್ಪಡೆ ಅದು. ಅಂಗಡಿಯಿಂದ ತಂದ ರವಿಕೆಗೆ ಮನೆಯಲ್ಲಿ ಹೊಲಿಗೆ ಬಿಚ್ಚಿ ಅಳತೆ ಸರಿಪಡಿಸಿಕೊಳ್ಳುವುದಿಲ್ಲವೆ? ಹಾಗೆಯೇ. ಇದು ಕಳ್ಳ ಕೆಲಸವೇನಲ್ಲ. ಇದೇ ಮಾಲೆಯ ಮೂರನೆಯ ಆಟ 'ಮಾರೋವಿಂಡ್' 2002ರಲ್ಲಿ ಬಂದಾಗ ಕಂಪ್ಯೂಟರಿನ ಆವೃತ್ತಿಯ ಜೊತೆಗೆ ತಿದ್ದುವ ಸಲಕರಣೆಯನ್ನೂ ಕಂಪನಿಯವರೇ ಕೊಟ್ಟರು. ಸ್ಕೈರಿಮ್‌ಗೆ 'ಕ್ರಿಯೇಶನ್ ಕಿಟ್' ಎಂಬುದನ್ನು 2012ರ ಫೆಬ್ರುವರಿಯಲ್ಲಿ ಪುಕ್ಕಟೆಯಾಗಿ ಬಿಟ್ಟರು. ಆಮೇಲೆ ಜಗತ್ತಿನ ಮೂಲೆಮೂಲೆಯ ಜನ ಸಾವಿರಾರು ಮಾಡ್ ಮಾಡಿ 'ನೆಕ್ಸಸ್ ಮಾಡ್ಸ್' ಎಂಬ ತಾಣದಲ್ಲಿ ಹಂಚಿದ್ದಾರೆ.

ತೊಂದರೆ ಹುಟ್ಟುವುದು ಇಲ್ಲಿಯೇ. ಸೀರೆ ಅಂಗಡಿಯಲ್ಲಿ ನೂರು ಸೀರೆ ಹರವಿದರೆ ಒಂದನ್ನೂ ಆರಿಸಲಾಗದೆ ಕೂಡುತ್ತೇವಲ್ಲ, ಹುಡುಗರ ಗತಿಯೂ ಅದೇ. ನಮ್ಮ ಅಕ್ಕನ ಮಗ ಆರು ದಿನ ಕೂತು ನೂರೈವತ್ತು ಮಾಡ್ ತುಂಬಿದ. ಏಳನೆಯ ದಿನ ಆಟ ತೆರೆದರೆ ಕೈದಿಯ ಬಂಡಿ ಗಾಳಿಪಟದಂತೆ ಮೇಲೆ ಹಾರಿ ಪಲ್ಟಿ ಹೊಡೆಯಿತು! ಮಾಡ್‌ಗಳ ಹೊರೆ ಹೆಚ್ಚಾದಾಗ, ಇಲ್ಲವೆ ಚಿತ್ರಗಳು ಮಿತಿ ಮೀರಿ ವೇಗವಾಗಿ ಓಡಿದಾಗ ಬಂಡಿಯ ಲೆಕ್ಕಾಚಾರ ತಪ್ಪುತ್ತದೆ. ಸ್ಕೈರಿಮ್ ಆಡಿದವರೆಲ್ಲ ಬಲ್ಲ ಫಜೀತಿ ಇದು.

ಅರ್ಥ ಹೇಳುವುದು ಬೇರೆ, ಕತೆ ತಿದ್ದುವುದು ಬೇರೆ

ಹಾಗಾದರೆ ಮೊದಲ ಸಲ ಆಡುವವರು ಯಾವುದನ್ನು ಆರಿಸಬೇಕು? ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಅಳತೆಗೋಲಿದೆ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತ ರಚಿಸಿದನೆಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಆ ಭಾರತವನ್ನು ಗಮಕಿಗಳು ಹಾಡುವಾಗ ಪಕ್ಕದಲ್ಲಿ ವ್ಯಾಖ್ಯಾನ ಮಾಡುವವರು ಕೂತಿರುತ್ತಾರೆ. ಕಠಿಣ ಪದ ಬಿಡಿಸಿ ಹೇಳುತ್ತಾರೆ, ಹಿಂದಿನ ಕತೆ ನೆನಪಿಸುತ್ತಾರೆ. ಕೇಳುವವರಿಗೆ ಅದರಿಂದ ಉಪಕಾರವೇ. ಆದರೆ ಕರ್ಣ ಸಾಯಲೇ ಇಲ್ಲ ಎಂದು ಅವರು ಕತೆ ತಿರುಗಿಸುವುದಿಲ್ಲ.

ಮಾಡ್‌ಗಳಲ್ಲೂ ಎರಡು ಜಾತಿ. ಆಟದ ತಪ್ಪು ತಿದ್ದುವುದು, ಓದಲು ನೋಡಲು ಅನುಕೂಲ ಮಾಡುವುದು ವ್ಯಾಖ್ಯಾನದ ಜಾತಿ. ಕತೆ, ಕಷ್ಟ, ಆಯುಧ, ಮನುಷ್ಯರನ್ನೇ ಬದಲಿಸುವುದು ಎರಡನೆಯ ಜಾತಿ. ಮೊದಲ ಸಲ ಆಡುವಾಗ ವ್ಯಾಖ್ಯಾನದ ಜಾತಿ ಸಾಕು.

ಮೊದಲ ಸಲಕ್ಕೆ ಇಷ್ಟು ಸಾಕು

1. ಮೊದಲು ಏನನ್ನೂ ಹಾಕದೆ ಒಂದೆರಡು ತಾಸು ಆಡಬೇಕು. ಯಂತ್ರ ಆಟವನ್ನು ತಾಳುತ್ತದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ. ತನಗೆ ನಿಜವಾಗಿ ಎಲ್ಲಿ ಕಿರಿಕಿರಿಯಾಯಿತು ಎಂಬುದೂ ತಿಳಿಯುತ್ತದೆ. ಅನ್ನ ಬಾಯಿಗಿಡುವ ಮುಂಚೆಯೇ ಉಪ್ಪು ಸುರಿಯಬಾರದು.

2. ತಪ್ಪು ತಿದ್ದುವ ಮಾಡ್ ಒಂದು. ಸ್ಕೈರಿಮ್‌ಗೆ 'ಅನ್‌ಅಫೀಶಿಯಲ್ ಪ್ಯಾಚ್' ಎಂಬುದಿದೆ. ಕಂಪನಿ ಸರಿಪಡಿಸದೆ ಬಿಟ್ಟ ನೂರಾರು ಸಣ್ಣ ದೋಷಗಳನ್ನು ಅಭಿಮಾನಿಗಳು ಕೂಡಿ ತಿದ್ದಿದ್ದಾರೆ. ಒಪ್ಪಿಕೊಂಡ ಕೆಲಸ ಆಟದ ದೋಷದಿಂದ ಅರ್ಧಕ್ಕೆ ನಿಲ್ಲುವ ಪ್ರಸಂಗ ಇದರಿಂದ ಕಡಿಮೆಯಾಗುತ್ತದೆ.

3. ಸಾಮಾನಿನ ಪಟ್ಟಿ ನೋಡಲು 'ಸ್ಕೈಯುಐ'. ಆಟದ ಮೂಲ ಪಟ್ಟಿ ಕಂಪ್ಯೂಟರಿನವರಿಗೆ ಹೊಂದುವಂಥದ್ದಲ್ಲ. ಕಿರಾಣಿ ಚೀಟಿಯ ಹಾಗೆ ತೂಕ, ಬೆಲೆ ನೋಡಿ ವಿಂಗಡಿಸಲು ಸ್ಕೈಯುಐ ಬೇಕು. ಇದಕ್ಕೆ 'ಎಸ್‌ಕೆಎಸ್‌ಇ' ಎಂಬ ಸಹಾಯಕ ಬೇಕು, ಅದು ಆಟದ ಆವೃತ್ತಿಗೆ ಸರಿಹೊಂದುವಂಥದ್ದೇ ಇರಬೇಕು.

4. ಬೇಕೆನಿಸಿದರೆ ನಕ್ಷೆ. ಆಟದ ನಕ್ಷೆಯಲ್ಲಿ ಮೋಡ ಮುಸುಕಿ ದಾರಿ ಕಾಣುವುದಿಲ್ಲ. 'ಎ ಕ್ವಾಲಿಟಿ ವರ್ಲ್ಡ್ ಮ್ಯಾಪ್' ಹಾಕಿಕೊಂಡರೆ ರಸ್ತೆಗಳು ಕಾಣುತ್ತವೆ.

ಒಂದು ಕೈಯ ಬೆರಳಿನ ಲೆಕ್ಕ ಮೀರದಿದ್ದರೆ ಒಳ್ಳೆಯದು. ಆಟ ಕಷ್ಟ ಎನಿಸಿದರೆ ಅದಕ್ಕೂ ಮಾಡ್ ಬೇಕಿಲ್ಲ. ಸುಲಭ, ಕಷ್ಟ ಎಂಬ ಮಟ್ಟಗಳು ಆಟದ ಒಳಗೇ ಇವೆ.

ಮಗ 'ವಿಚರ್ 3' ಆಡುತ್ತಿದ್ದರೆ ಇನ್ನೂ ಹಗುರ. ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ಸಂಸ್ಥೆ 2015ರಲ್ಲಿ ತಂದ ಆಟವದು. 2022ರ ಡಿಸೆಂಬರಿನಲ್ಲಿ ಅವರು ಪುಕ್ಕಟೆ ಕೊಟ್ಟ ದೊಡ್ಡ ಸುಧಾರಣೆಯಲ್ಲಿ ಅಭಿಮಾನಿಗಳ ಕೆಲವು ಒಳ್ಳೆಯ ಮಾಡ್‌ಗಳನ್ನು ತಾವೇ ಸೇರಿಸಿಬಿಟ್ಟರು. ಮೊದಲ ಸಲಕ್ಕೆ ಅದನ್ನು ಇದ್ದಂತೆಯೇ ಆಡಬಹುದು.

ಎರಡನೆಯ ಸಲಕ್ಕೆ ಎತ್ತಿಡುವಂಥವು

'ಆಲ್ಟರ್ನೇಟ್ ಸ್ಟಾರ್ಟ್' ಎಂಬ ಮಾಡ್ ಬಂಡಿಯ ಪ್ರಸಂಗವನ್ನೇ ತೆಗೆದು ಬೇರೆ ಕಡೆಯಿಂದ ಕತೆ ಆರಂಭಿಸುತ್ತದೆ. ಹತ್ತು ಸಲ ಆಡಿದವರಿಗೆ ಅದು ಬೇಕು, ಹೊಸಬರಿಗೆ ಏತಕ್ಕೆ? 'ರಿಕ್ವೀಮ್' ಎಂಬುದು ಕಾದಾಟದ ನಿಯಮಗಳನ್ನೆಲ್ಲ ಬದಲಿಸಿ ಬಲು ಕಠಿಣ ಮಾಡುತ್ತದೆ. ಮೂಲ ನಿಯಮವೇ ಗೊತ್ತಿಲ್ಲದವರು ಬದಲಾದದ್ದನ್ನು ಹೇಗೆ ಸವಿಯಬೇಕು? ಹೊಸ ಕತ್ತಿ, ಹೊಸ ಕವಚ ತುಂಬುವ ಮಾಡ್‌ಗಳದೂ ಇದೇ ಮಾತು. ಕಷ್ಟಪಟ್ಟು ದೊರಕಿಸಬೇಕಾದದ್ದು ಮೊದಲ ದಿನವೇ ಕೈಗೆ ಬಂದರೆ ಆಟದ ಸ್ವಾರಸ್ಯವೇ ಹೋಯಿತು.

ಒಂದು ತಮಾಷೆಯ ಮಾಡ್ ಇದೆ. ಡ್ರ್ಯಾಗನ್ ಇರುವಲ್ಲೆಲ್ಲ ಚಿಕ್ಕ ಮಕ್ಕಳ ಕತೆಯ 'ಥಾಮಸ್' ಎಂಬ ರೈಲು ಎಂಜಿನ್ನು ಸೀಟಿ ಊದುತ್ತ ಹಾರಿಬರುತ್ತದೆ. ನೋಡಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು. ಆದರೆ ಡ್ರ್ಯಾಗನ್ನಿಗೆ ಒಮ್ಮೆ ಹೆದರಿದವನಿಗೆ ಮಾತ್ರ ಆ ನಗು ಸಿಕ್ಕೀತು. ಮೊದಲೇ ಎಂಜಿನ್ನು ನೋಡಿದವನಿಗೆ ಹೆದರಿಕೆಯೂ ಇಲ್ಲ, ನಗೆಯೂ ಇಲ್ಲ. ಎರಡನೆಯ ಸಲ, ಮೂರನೆಯ ಸಲ ಎಷ್ಟು ಬೇಕಾದರೂ ಸಿಕ್ಕೀತು. ಮೊದಲ ಸಲ ಸಿಗುವುದು ಒಮ್ಮೆ ಮಾತ್ರ.

ಮಗ್ಗದ ಪಾಠ

ನಮ್ಮ ಶಿಗ್ಲಿ ನೇಕಾರರ ಊರು. ಹಾಸು ಸರಿಯಾಗಿ ಕೂತ ಮೇಲೆಯೇ ಹೊಕ್ಕು. ಮಾಡ್‌ಗಳಿಗೂ ಹೀಗೆ ಒಂದು ಕ್ರಮವಿದೆ. ಯಾವುದು ಮೊದಲು, ಯಾವುದು ನಂತರ ಎಂಬುದು ತಪ್ಪಿದರೆ ಒಂದು ಇನ್ನೊಂದನ್ನು ಅಳಿಸುತ್ತದೆ. ಈ ಕ್ರಮ ಹೊಂದಿಸಲು 'ಲೂಟ್' ಎಂಬ ಪುಕ್ಕಟೆ ಸಾಧನವಿದೆ. ಮಾಡ್‌ಗಳನ್ನು ಹಾಕಲು ತೆಗೆಯಲು 'ವೋರ್ಟೆಕ್ಸ್', 'ಮಾಡ್ ಆರ್ಗನೈಸರ್ 2' ಇವೆ. ಎರಡನೆಯದು ಮಾಡ್‌ಗಳನ್ನು ಬೇರೆ ಕಡೆ ಇಟ್ಟು, ಆಟದ ಮೂಲ ಕಡತಗಳನ್ನು ಮುಟ್ಟದೆ ಕಾಪಾಡುತ್ತದೆ.

ಒಮ್ಮೆಗೆ ಒಂದೇ ಮಾಡ್ ಹಾಕಿ, ಆಟ ತೆರೆದು ನೋಡಿ, ಆಮೇಲೆ ಮುಂದಿನದು. ಒಟ್ಟಿಗೆ ಇಪ್ಪತ್ತು ಹಾಕಿ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ಹುಡುಕುವುದು ಹೇಗೆ? ಇನ್ನೊಂದು ಮುಖ್ಯ ಮಾತು: ಆಟ ಅರ್ಧವಾದ ಮೇಲೆ ಮಾಡ್ ಕಿತ್ತು ಹಾಕಬಾರದು. ಅರ್ಧ ನೇಯ್ದ ಸೀರೆಯಿಂದ ಹಾಸಿನ ಎಳೆ ಜಗ್ಗಿದಂತೆ. ಕೆಲವು ಮಾಡ್‌ಗಳ ಗುರುತು ಉಳಿಸಿಟ್ಟ ಆಟದೊಳಗೆ ಹೊಕ್ಕಿರುತ್ತದೆ. ಕಿತ್ತರೆ ಅಲ್ಲಿಂದ ಮುಂದೆ ಎಲ್ಲಿ ಹರಿಯುತ್ತದೋ ಹೇಳಲಾಗದು. ಆಡುತ್ತ ಆಡುತ್ತ ಬೇರೆ ಬೇರೆ ಹಂತದಲ್ಲಿ ಆಟ ಉಳಿಸಿಡುವುದು ಜಾಣತನ. ಕಂಪನಿಯವರು ಆಟ ಸುಧಾರಿಸಿದಾಗಲೂ ಹಳೆಯ ಎಸ್‌ಕೆಎಸ್‌ಇ ಕೆಲಸ ನಿಲ್ಲಿಸುತ್ತದೆ. 2021ರ ನವೆಂಬರಿನಲ್ಲಿ ಹತ್ತನೆಯ ವರ್ಷದ ಆವೃತ್ತಿ ಬಂದಾಗ ಹೀಗೇ ಆಯಿತು. ಆಟ ತಾನಾಗಿಯೇ ಬದಲಾಗದಂತೆ ನೋಡಿಕೊಂಡರೆ ಕ್ಷೇಮ.

ತಾಯಂದಿರು ಗಮನಿಸಬೇಕಾದದ್ದು

ಸ್ಕೈರಿಮ್, ವಿಚರ್ 3 ಎರಡಕ್ಕೂ ಅಮೆರಿಕದಲ್ಲಿ 17 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತಿದೆ. ರಕ್ತಪಾತ ಇದೆ. ಇವು ಪ್ರಾಥಮಿಕ ಶಾಲೆಯ ಮಕ್ಕಳ ಕೈಗೆ ಕೊಡುವ ಆಟಗಳಲ್ಲ. ಮಾಡ್‌ಗಳಲ್ಲಂತೂ ದೊಡ್ಡವರಿಗೆ ಮಾತ್ರ ಎಂಬವೂ ಇವೆ, ಅವನ್ನು ಮರೆಮಾಡುವ ಅನುಕೂಲ ತಾಣದಲ್ಲಿಯೇ ಉಂಟು. ಗುರುತಿಲ್ಲದ ತಾಣಗಳಿಂದ ಇಳಿಸಿಕೊಂಡರೆ ವೈರಸ್ ಬರುವ ಭಯ. ಬಂಡೆ, ನೀರು, ಮುಖ ಎಲ್ಲ ನಿಜದಂತೆ ಕಾಣಿಸುವ ಮಾಡ್‌ಗಳು ಜಿಬಿಗಟ್ಟಲೆ ಇಂಟರ್‌ನೆಟ್ ನುಂಗುತ್ತವೆ, ಸಾಧಾರಣ ಲ್ಯಾಪ್‌ಟಾಪನ್ನು ಒಲೆಯ ಹಾಗೆ ಕಾಯಿಸುತ್ತವೆ.

ದುಡ್ಡಿನ ಮಾತು. 2015ರ ಏಪ್ರಿಲಿನಲ್ಲಿ 'ಸ್ಟೀಮ್' ಎಂಬ ಆಟದಂಗಡಿ ಸ್ಕೈರಿಮ್ ಮಾಡ್‌ಗಳನ್ನು ಮಾರಾಟಕ್ಕಿಟ್ಟಿತು. ಆಡುವವರು ಗದ್ದಲವೆಬ್ಬಿಸಿದ್ದರಿಂದ ವಾರದೊಳಗೇ ಅದನ್ನು ಕೈಬಿಟ್ಟು ಹಣ ವಾಪಸು ಕೊಟ್ಟಿತು. ಈಗ ಕಂಪನಿಯೇ ಮಾರುವ ಸೇರ್ಪಡೆಗಳೂ ಇವೆ. ಆದರೆ ನಾನು ಮೇಲೆ ಹೇಳಿದ ನಾಲ್ಕಕ್ಕೂ ಬಿಡಿಗಾಸು ಬೇಕಿಲ್ಲ. ಮಾಡ್‌ಗೆಂದು ಮಗ ದುಡ್ಡು ಕೇಳಿದರೆ, ಮೊದಲ ಆಟ ಮುಗಿಸು, ಆಮೇಲೆ ನೋಡೋಣ ಎನ್ನಿ.

ಹಾಗೆಂದು ಇದೆಲ್ಲ ಹಾಳು ಹವ್ಯಾಸ ಎಂದು ಬಯ್ಯಬೇಡಿ. 'ದಿ ಫರ್ಗಾಟನ್ ಸಿಟಿ' ಎಂಬ ಮಾಡನ್ನು 2015ರಲ್ಲಿ ಸ್ಕೈರಿಮ್‌ಗೆ ಮಾಡಿದವರು ಆಸ್ಟ್ರೇಲಿಯದ ಒಬ್ಬ ವಕೀಲರು. ಅದರ ಕತೆಗೆ 2016ರಲ್ಲಿ ಆ ದೇಶದ ಬರಹಗಾರರ ಸಂಘದ ಪ್ರಶಸ್ತಿ ಬಂತು. ಅವರು ವಕೀಲಿ ಬಿಟ್ಟು ಅದನ್ನೇ ಬೆಳೆಸಿ 2021ರಲ್ಲಿ ಸ್ವತಂತ್ರ ಆಟವಾಗಿ ಹೊರತಂದರು. ನಮ್ಮ ಬೆಂಗಳೂರಿನಲ್ಲೂ ಆಟ ತಯಾರಿಸುವ ಕೆಲಸವಿದೆ. ಅಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯನ್ನು 2019ರಲ್ಲಿ ಹೆಸರಾಂತ ರಾಕ್‌ಸ್ಟಾರ್ ಕಂಪನಿ ಕೊಂಡುಕೊಂಡಿತು. ಯಾರಿಗೆ ಗೊತ್ತು, ಇಂದು ಮಾಡ್ ಬಿಚ್ಚಿ ನೋಡುವ ಹುಡುಗಿ ನಾಳೆ ಅಲ್ಲಿಯೇ ಕೆಲಸಕ್ಕೆ ಕೂತಾಳು. ಆದರೆ ತಿದ್ದುವವರು ಮೊದಲು ಮೂಲವನ್ನು ಬಲ್ಲವರಾಗಿರಬೇಕು. ಅಡಿಗೆ ಕಲಿಯುವ ಹುಡುಗಿಗೆ ಮೊದಲು ಸಾದಾ ಸಾರು ಕಲಿಸುತ್ತೇವೆ, ಬಗೆಬಗೆಯ ಒಗ್ಗರಣೆ ಆಮೇಲೆ.

ಈ ರಜೆಯಲ್ಲಿ ನಿಮ್ಮ ಮನೆಯಲ್ಲೂ ಮಾಡ್ ಹಾಕುವ ಗದ್ದಲ ನಡೆದಿದ್ದರೆ ಎರಡೇ ಮಾತು ಕೇಳಿ. "ಇದರಿಂದ ಕತೆ ತಿಳಿಯೂದು ಹಗುರ ಆಗ್ತದೋ, ಇಲ್ಲಾ ಕತೀನ ಬದಲಾಗ್ತದೋ?" ಬದಲಾಗುವಂಥದ್ದಾದರೆ ಒಂದು ಚೀಟಿಯಲ್ಲಿ ಹೆಸರು ಬರೆದಿಟ್ಟು ಎರಡನೆಯ ಸಲಕ್ಕೆ ಎತ್ತಿಡಲು ಹೇಳಿ. ಆಮೇಲೆ ಬಿಡುವು ಮಾಡಿಕೊಂಡು ಅವನ ಪಕ್ಕ ಹೋಗಿ ಕೂಡ್ರಿ, ಚಹಾದ ಬಟ್ಟಲು ಕೈಗಿಟ್ಟು ಎರಡನೆಯ ಮಾತು ಕೇಳಿ: "ತಮ್ಮಾ, ಆ ಕೈದಿ ಬಂಡಿ ಇಳದನೋ ಇಲ್ಲೋ?"