ಜೇಡ ಬಾಲಕನ ನೂಲೂ ಶಿಡ್ಲಘಟ್ಟದ ಗೂಡೂ

ಹದಿಹರೆಯದ ಬಾಲಕನೊಬ್ಬನು ಎತ್ತರದ ಕಟ್ಟಡದಿಂದ ಧುಮುಕುತ್ತಾನೆ. ಅವನ ಮಣಿಕಟ್ಟಿನಿಂದ ಚಿಮ್ಮಿದ ನೂಲು ಎದುರಿನ ಗೋಡೆಯನ್ನು ಹಿಡಿಯುತ್ತದೆ. ಅವನು ಉಯ್ಯಾಲೆಯಂತೆ ತೂಗಿ ಕಳ್ಳರ ಬೆನ್ನಟ್ಟುತ್ತಾನೆ. ‘ಸ್ಪೈಡರ್-ಮ್ಯಾನ್’ ಚಿತ್ರಗಳನ್ನು ನೋಡಿ ಬಂದ ಚಿಕ್ಕಬಳ್ಳಾಪುರ, ಚಿಂತಾಮಣಿಗಳ ವಿದ್ಯಾರ್ಥಿಗಳು ಅಂಥ ನೂಲು ನಿಜವಾಗಿಯೂ ಇರಬಲ್ಲುದೇ ಎಂದು ಕೇಳುವುದುಂಟು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೆರೆಯಲ್ಲಿಟ್ಟುಕೊಂಡು ಹೀಗೆ ಕೇಳುವುದು ನಮಗೆ ಸೋಜಿಗವಾಗಿ ತೋರುವುದು.

ಈ ಬಾಲಕನನ್ನು 1962ರಲ್ಲಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಎಂಬವರು ಅಮೆರಿಕದ ಚಿತ್ರಕಥಾ ಪತ್ರಿಕೆಯೊಂದರಲ್ಲಿ ಸೃಷ್ಟಿಸಿದರು. ಅಲ್ಲಿ ನೂಲಿನ ಯಂತ್ರವನ್ನು ಅವನೇ ಕಟ್ಟಿಕೊಳ್ಳುತ್ತಾನೆ. 2002ರ ಚಲನಚಿತ್ರದಲ್ಲಿ ನೂಲು ಅವನ ಶರೀರದಿಂದಲೇ ಹೊರಟಿತು. 2012ರಲ್ಲಿ ಕಥೆಯನ್ನು ಮೊದಲಿನಿಂದ ಹೊಸದಾಗಿ ಆರಂಭಿಸಿದಾಗ ಯಂತ್ರವು ಮರಳಿ ಬಂದಿತು. 2017ರ ಮತ್ತೊಂದು ಹೊಸ ಆರಂಭದಲ್ಲಂತೂ ಹದಿನೈದರ ಹುಡುಗನು ಶಾಲೆಯ ರಸಾಯನ ಪ್ರಯೋಗಶಾಲೆಯಲ್ಲಿ ಕದ್ದುಮುಚ್ಚಿ ನೂಲಿನ ದ್ರವವನ್ನು ಕಲಸುತ್ತಾನೆ. ಅಧ್ಯಾಪಕರಾದ ನಮಗೆ ಇದೇ ಹೆಚ್ಚು ಹಿಡಿಸಿತು. ಕದ್ದುಮುಚ್ಚಿ ಎಂಬುದನ್ನು ಬಿಟ್ಟು.

ಆದರೆ ನಿಜವಾದ ಜೇಡವು ನೂಲನ್ನು ಚಿಮ್ಮಿಸುವುದಿಲ್ಲ. ಅದರ ಗ್ರಂಥಿಯಲ್ಲಿ ದ್ರವರೂಪದಲ್ಲಿರುವ ಪ್ರೋಟೀನು ಹೊರಕ್ಕೆ ಎಳೆಯಲ್ಪಡುವಾಗಲೇ ಅಣುಗಳು ಸಾಲುಗೂಡಿ ಗಟ್ಟಿಯಾಗುತ್ತದೆ. ಜೇಡವು ಎಳೆಯ ತುದಿಯನ್ನು ಎಲ್ಲಿಯಾದರೂ ಅಂಟಿಸಿ ತಾನೇ ದೂರ ಸರಿಯುವುದು, ಅಥವಾ ಕಾಲಿನಿಂದ ಎಳೆದುಕೊಳ್ಳುವುದು. ಚಂದ್ರಿಕೆಯ ಮೇಲಿನ ರೇಷ್ಮೆಹುಳುವೂ ತಲೆಯನ್ನು 8ರ ಅಂಕಿಯಂತೆ ಆಡಿಸುತ್ತ ಎಳೆಯನ್ನು ಎಳೆಯುವುದೇ ಹೊರತು ನೂಕುವುದಿಲ್ಲ. ದಾರವನ್ನು ನೂಕಿ ಮುಂದೆ ಸಾಗಿಸುವುದು ಎಷ್ಟು ಕಷ್ಟವೆಂಬುದನ್ನು ಸೂಜಿಗೆ ದಾರ ಪೋಣಿಸಿದವರೆಲ್ಲರೂ ಬಲ್ಲರು.

ಜೇಡನ ನೂಲು ಉಕ್ಕಿಗಿಂತ ಬಲವಾದುದೆಂಬ ಮಾತು ಬಹಳ ಪ್ರಚಾರದಲ್ಲಿದೆ. ತೂಕಕ್ಕೆ ತೂಕವನ್ನು ಹೋಲಿಸಿದರೆ ಇದು ದಿಟ; ಆದರೆ ದಪ್ಪಕ್ಕೆ ದಪ್ಪವನ್ನು ಹೋಲಿಸಿದರೆ ಉತ್ತಮ ಉಕ್ಕಿನ ತಂತಿಯೇ ಸ್ವಲ್ಪ ಮೇಲು. ನೂಲಿನ ಹಿರಿಮೆ ಬೇರೆಡೆ ಇದೆ. ಕಡಿಯುವ ಮುನ್ನ ಉಕ್ಕಿನ ತಂತಿ ನೂರಕ್ಕೆ ಒಂದು ಪಾಲೂ ಹಿಗ್ಗದು. ಜೇಡನ ನೂಲು ಸುಮಾರು ಮೂವತ್ತು ಪಾಲು, ರೇಷ್ಮೆ ಸುಮಾರು ಹದಿನೆಂಟು ಪಾಲು ಹಿಗ್ಗುತ್ತವೆ.

ಇದರ ಪರಿಣಾಮವನ್ನು ಲೆಕ್ಕಹಾಕೋಣ. 60 ಕಿಲೋಗ್ರಾಂ ತೂಕದ ಬಾಲಕನು 20 ಮೀಟರು ಬಿದ್ದರೆ ಅವನ ಚಲನಶಕ್ತಿ ಸುಮಾರು 12,000 ಜೂಲ್. ಅವನನ್ನು 10 ಮೀಟರು ಉದ್ದದ ಉಕ್ಕಿನ ತಂತಿ ಹಿಡಿದರೆ 8 ಸೆಂಟಿಮೀಟರಿನೊಳಗೆ ನಿಲ್ಲಿಸಬೇಕು. ಆಗ ಅವನ ಮೇಲೆ ಬೀಳುವ ಬಲ ಅವನ ತೂಕದ ಇನ್ನೂರೈವತ್ತು ಪಟ್ಟು. ಜೇಡನ ನೂಲು 3 ಮೀಟರು ಹಿಗ್ಗಿ ನಿಲ್ಲಿಸಿದರೆ ಬಲ ಸರಾಸರಿ ಎಂಟು ಪಟ್ಟು ಮಾತ್ರ. ರೇಷ್ಮೆಯಾದರೆ ಹನ್ನೆರಡು ಪಟ್ಟು. ಈ ಕೆಲಸಕ್ಕೆ ಬೇಕಾಗುವ ರೇಷ್ಮೆ ಸುಮಾರು ಕಾಲು ಕಿಲೋ. ಏಳೆಂಟು ಕಿಲೋ ಗೂಡಿನಿಂದ ಒಂದು ಕಿಲೋ ಕಚ್ಚಾ ರೇಷ್ಮೆ ದೊರೆಯುವುದೆಂದು ಇಟ್ಟುಕೊಂಡರೆ, ಎರಡು ಕಿಲೋ ಗೂಡು ಸಾಕು! ಇದು ಕಡಿಯುವ ಅಂಚಿನ ಲೆಕ್ಕವೆಂಬುದನ್ನು ಮರೆಯಬಾರದು. ಪ್ರಾಣಕ್ಕೆ ಕಟ್ಟುವ ಹಗ್ಗವನ್ನು ಇದರ ಹಲವು ಪಟ್ಟು ಬಲವಾಗಿ ಹೊಸೆಯಬೇಕು.

ಕಥೆಗಾರರು ಈ ಲೆಕ್ಕವನ್ನು ಒಮ್ಮೆ ಕ್ರೂರವಾಗಿ ನಡೆಸಿದ್ದಾರೆ. 1973ರ ಸಂಚಿಕೆಯೊಂದರಲ್ಲಿ ನಾಯಕನ ಪ್ರಿಯೆ ಗ್ವೆನ್ ಸ್ಟೇಸಿಯನ್ನು ಖಳನು ಸೇತುವೆಯಿಂದ ಕೆಡಹುತ್ತಾನೆ. ನೂಲು ಅವಳ ಕಾಲನ್ನು ಹಿಡಿಯುತ್ತದೆ, ಕಡಿಯುವುದೂ ಇಲ್ಲ. ಆದರೂ ಅವಳು ಬದುಕುವುದಿಲ್ಲ. ಥಟ್ಟನೆ ನಿಂತುದರಿಂದ ಕತ್ತು ಮುರಿಯಿತು. 2014ರ ಚಿತ್ರದಲ್ಲಿಯೂ ನೂಲು ತಲುಪಿದರೂ ಅವಳು ಉಳಿಯಲಿಲ್ಲ. ಚಿತ್ರಮಂದಿರದಲ್ಲಿ ಕಣ್ಣೊರಸಿಕೊಂಡವರು ಮನೆಗೆ ಮರಳುವಾಗ ಶಿರಸ್ತ್ರಾಣವಿಲ್ಲದೆ ದ್ವಿಚಕ್ರವಾಹನ ಓಡಿಸುವುದನ್ನು ನಾವು ಕಂಡಿದ್ದೇವೆ. ಶಿರಸ್ತ್ರಾಣದ ಒಳಪದರವೂ ಕುಗ್ಗಿ, ನಿಲ್ಲುವ ದೂರವನ್ನು ತುಸು ಹೆಚ್ಚಿಸುವ ಸಾಧನವೇ.

ಹಾಗಾದರೆ ಜೇಡಗಳನ್ನೇ ಸಾಕಬಾರದೇಕೆ? ಒಂದೆಡೆ ಕೂಡಿಟ್ಟರೆ ಅವು ಒಂದನ್ನೊಂದು ತಿನ್ನುವುವು. 2009ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದ ಹೊಂಬಣ್ಣದ ಜೇಡರೇಷ್ಮೆಯ ವಸ್ತ್ರಕ್ಕಾಗಿ ಮಡಗಾಸ್ಕರಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಜೇಡಗಳನ್ನು ಹಿಡಿಯಬೇಕಾಯಿತು. ರೇಷ್ಮೆಹುಳುವಾದರೋ ಹಿಪ್ಪುನೇರಳೆ ಸೊಪ್ಪು ತಿಂದು ತಟ್ಟೆಯಲ್ಲಿ ಸಾವಿರಗಟ್ಟಲೆಯಾಗಿ ಸಹಬಾಳ್ವೆ ನಡೆಸುವುದು.

ಆಸಕ್ತ ವಿದ್ಯಾರ್ಥಿಗಳು ಒಂದು ಗೂಡನ್ನು ಬಿಸಿನೀರಿನಲ್ಲಿ ಮೆದುವಾಗಿಸಿ, ಎಳೆಯ ತುದಿ ಹುಡುಕಿ, ಒಂದು ಮೀಟರಿನಷ್ಟು ಬಿಚ್ಚಿ ಒಣಗಿಸಲಿ. ಮೇಲ್ತುದಿಯನ್ನು ಗೋಂದಿನಿಂದ ಕಾಗದಕ್ಕೆ ಅಂಟಿಸಿ ತೂಗಬಿಟ್ಟು, ಕೆಳತುದಿಗೆ ಗುಂಡುಸೂಜಿಗಳನ್ನು ಒಂದೊಂದಾಗಿ ಸೇರಿಸಲಿ. ಎಂಟು ಹತ್ತು ಗ್ರಾಂ ಆಗುವಷ್ಟರಲ್ಲಿ ಎಳೆ ಕಡಿಯುವುದು. ಅದಕ್ಕೆ ಮುನ್ನ ಅದು ಎಷ್ಟು ಸೆಂಟಿಮೀಟರು ಹಿಗ್ಗಿತೆಂದು ಅಳೆಯಲು ಮೊದಲೇ ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿರಬೇಕು.